ಮೊಳ ಹೆಚ್ಚಿದ ಸರಪಳಿ

ನಮ್ಮೂರಲ್ಲಿ ಹಾಡಹಗಲಲ್ಲಿ ಫ್ಯಾನು ನಿಂತರೆ ಯಾರೂ ಕರೆಂಟಿನವರನ್ನು ಬೈಯುವುದಿಲ್ಲ. ಒಬ್ಬರ ಮುಖ ಒಬ್ಬರು ನೋಡುತ್ತಾ, ತಮ್ಮ ಮನೆಯವರು ಯಾರ್ಯಾರು ಎಲ್ಲೆಲ್ಲಿದ್ದಾರೆ ಎಂದು ಮನಸ್ಸಿನಲ್ಲೇ ಎಣಿಸಿಕೊಳ್ಳುತ್ತಾರೆ. ಊರಬಾಗಿಲ ಅಗಸಿಯಿಂದ ಆಸ್ಪತ್ರೆಗೆ ಹೋಗುವ ರಸ್ತೆ ಇನ್ನಷ್ಟು ಬೆಳೆಯಿತು, ಕಂಬದಿಂದ ಕಂಬಕ್ಕೆ ಬಿಗಿದಿದ್ದ ತಂತಿ ಹರಿಯಿತು, ಅದಕ್ಕೇ ಫ್ಯಾನು ನಿಂತಿತು ಎಂದರ್ಥ. ಆ ರಸ್ತೆಯ ಮೇಲೆ ಕುಡಿದು ಗಾಡಿ ಓಡಿಸುವವನಿಂದ ಯಾರು ಸತ್ತರೂ, ಕುಡಿದವನು ತಾನೇ ಸತ್ತರೂ, ಸತ್ತವರು ಎಷ್ಟು ಎತ್ತರವಿದ್ದರೋ ಅಷ್ಟು ರಸ್ತೆ ಬೆಳೆಯುತ್ತದೆ. ಮಳೆಗೆ ಜಾರಿ ಸತ್ತರೆ ಬೆಳೆಯುವುದಿಲ್ಲ. ಹೋರಿ ಹಾಯ್ದು ಸತ್ತರೂ ಬೆಳೆಯುವುದಿಲ್ಲ. ರಸ್ತೆಗೆ ಗೊತ್ತಾಗುತ್ತದೆ. ಗೊತ್ತಾಗದವರು ಇರುವುದು ನಮ್ಮ ಪುರಸಭೆಯಲ್ಲಿ ಮಾತ್ರ.

ಜನ ಇದಕ್ಕೂ ಹೊಂದಿಕೊಂಡರು. ನಮ್ಮ ಜನ ಯಾತಕ್ಕೆ ತಾನೆ ಹೊಂದಿಕೊಳ್ಳುವುದಿಲ್ಲ! ಸಾಲಿಯ ಗಂಟೆ ಐದು ನಿಮಿಷ ತಡವಾಗಿ ಬಾರಿಸತೊಡಗಿದರು. ಒಂದಕ್ಕೊಂದು ಹತ್ತಿಕೊಂಡಿದ್ದ ಹಿಟ್ಟಿನ ಗಿರಣಿಗೂ ಕ್ಷೌರದಂಗಡಿಗೂ ನಡುವೆ ಈಗ ಆಡು ಮೇಯುವಷ್ಟು ಜಾಗ ಬಿದ್ದಿದೆ. ಅಂಥ ಹೊಸ ನೆಲದಲ್ಲಿ ಯಾರೂ ಡಬ್ಬಿ ಅಂಗಡಿ ಇಡುವುದಿಲ್ಲ, ಉಗುಳುವುದೂ ಇಲ್ಲ. ಲೈನ್‌ಮನ್ ಗುರುಸಿದ್ಧ ಹರಿದ ತಂತಿಗೆ ತುಂಡು ಸೇರಿಸುವ ಮುಂಚೆ ಆ ಸಂದನ್ನು ಬಿಳಿ ದಾರದಿಂದ ಅಳೆದು, ದಾರ ಕತ್ತರಿಸಿ, ಸತ್ತವರ ಮನೆಗೆ ಕೊಟ್ಟು ಬರುತ್ತಾನೆ. "ತಗೋರಿ, ಇದು ನಿಮ್ಮದು," ಎನ್ನುತ್ತಾನೆ. ಮನೆಯವರು ಅದನ್ನು ದೇವರ ಮಾಡದಲ್ಲಿ ಸುತ್ತಿ ಇಡುತ್ತಾರೆ. ಕುಡಿಯುವವರೂ ಹೊಂದಿಕೊಂಡರು ಬಿಡಿ. "ರಸ್ತಿ ಉದ್ದ ಆಗೇತಿ, ಮನಿ ಮುಟ್ಟೂದ್ರಾಗ ಇಳೀತೈತಿ," ಎಂದು ಇನ್ನೊಂದು ಗ್ಲಾಸು ಏರಿಸಿ ಗಾಡಿ ಹತ್ತುತ್ತಾರೆ. ಅವರ ಬಾಯಿಗೆ ಮಣ್ಣು ಹಾಕ.

ನಾನು ಫಕೀರವ್ವ. ಪುರಸಭೆಯಲ್ಲಿ ಸರಪಳಿ ಎಳೆಯುವವಳು. ನೆಲ ಅಳೆಯುವ ಕಬ್ಬಿಣದ ಸರಪಳಿ, ಹಿಡಿಕೆಯಿಂದ ಹಿಡಿಕೆಗೆ ಅರವತ್ತಾರು ಅಡಿ. ವರ್ಷಕ್ಕೊಮ್ಮೆ, ಸುಗ್ಗಿ ಮುಗಿದ ಮೇಲೆ, ಊರೆಲ್ಲರ ಎದುರಿಗೆ ರಸ್ತೆ ಅಳೆಯುತ್ತೇವೆ. ಅಗಸಿಯಿಂದ ಆಸ್ಪತ್ರೆಯ ಗೇಟಿಗೆ ಎರಡು ಮೈಲು, ಎಂದರೆ ನೂರಾ ಅರವತ್ತು ಸರಪಳಿ. ಮುಂದಿನ ಹಿಡಿಕೆ ನನ್ನದು. ಹಿಂದಿನ ಹಿಡಿಕೆ ಬುಡ್ನಸಾಬ ಕಾಕಾನದು. ಒಂಬತ್ತು ವರ್ಷ ನಾವು ಅಳೆದೆವು, ಒಂಬತ್ತು ವರ್ಷವೂ ನೂರಾ ಅರವತ್ತೇ ಬಂತು. ಮುಖ್ಯಾಧಿಕಾರಿ ದಳವಾಯಿ ಸಾಹೇಬರು ಎದ್ದು ನಿಂತು, "ನೂರಾ ಅರವತ್ತು! ರಸ್ತಿ ಬೆಳದಿಲ್ಲ, ಅಂದ್ರ ಕುಡಿತದ ಸಾವಿಲ್ಲ," ಎಂದು ಸಾರುತ್ತಿದ್ದರು. ಅಗಸಿಯ ಮೇಲೆ ಬೋರ್ಡೂ ಹಾಕಿಸಿದ್ದರು: ಕುಡಿತದಿಂದ ಒಂದೂ ರಸ್ತೆ ಸಾವಿಲ್ಲದ ಊರು. ಜನ ಮನೆಯಲ್ಲಿ ದಾರ ಇಟ್ಟುಕೊಂಡೂ ಬಾಯಿ ಮುಚ್ಚಿಕೊಂಡು ನಿಲ್ಲುತ್ತಿದ್ದರು. ಕಣ್ಣೆದುರಿಗೆ ಕಬ್ಬಿಣ ಅಳೆದು ತೋರಿಸಿದ ಮೇಲೆ ಏನು ಹೇಳುತ್ತಾರೆ?

ಮೊದಲು ಆ ಸರಪಳಿ ಎಳೆಯುತ್ತಿದ್ದವನು ನನ್ನ ಗಂಡ ಮುದಕಪ್ಪ. ಒಂಬತ್ತು ವರ್ಷದ ಹಿಂದೆ ಮೋಟರ್‌ಸೈಕಲ್ ಮೇಲಿಂದ ಬಿದ್ದು ಸತ್ತ. ಪುರಸಭೆಯ ರಸ್ತೆ ಸಾವಿನ ಪುಸ್ತಕದಲ್ಲಿ 'ಎಮ್ಮೆ ಅಡ್ಡ ಬಂತು' ಎಂದಿದೆ. ಅವನ ಕೆಲಸ ನನಗೆ ಬಂತು, ಅದರಿಂದ ಮಗಳು ಸುವರ್ಣಾಳನ್ನು ಬೆಳೆಸಿದೆ. ಎಮ್ಮೆಯ ಮಾತು ಹೇಳುತ್ತೇನೆ, ಬಿಡುವುದಿಲ್ಲ. ಮೊದಲು ಮಗಳ ಮಾತು.

ಸುವರ್ಣಾಳಿಗೆ ಹತ್ತೊಂಬತ್ತು. ಹೊಲಿಗೆ ಕಲಿಯಲು ಸೈಕಲ್ ಮೇಲೆ ಹೋಗುತ್ತಿದ್ದಳು. ಮಾತಿನಲ್ಲಿ ನನ್ನನ್ನೇ ಮಾರಿ ಬರುವಂಥವಳು. "ಯವ್ವಾ, ನೀ ಊರ ರಸ್ತಿ ಎಲ್ಲಾ ಅಳೀತಿ, ನನ್ನ ಜಂಪರ್ ಅಳತಿ ಮಾತ್ರ ಎಂದೂ ಸರಿ ಹೇಳಂಗಿಲ್ಲ," ಎಂದು ಅವತ್ತು ಬೆಳಿಗ್ಗೆ ನಗಾಡಿ ಹೋದವಳು. ಸಂಜೆ ನಾಲ್ಕಕ್ಕೆ ಇಟ್ಟಿಗೆ ಭಟ್ಟಿಯ ಮಾಲೀಕ ಖಾನಾವಳಿಯಲ್ಲಿ ಕುಡಿದು ಹೊರಬಿದ್ದು, ಜೀಪಿನ ಬಾಗಿಲಿಗೆ ಕೀಲಿ ಸಿಗಿಸಲಾರದೆ ಮೂರು ಸಲ ಕೆಳಗೆ ಬೀಳಿಸಿಕೊಂಡನಂತೆ. ನಾಲ್ಕು ಮಂದಿ ನಿಂತು ನೋಡಿ ನಕ್ಕರಂತೆ. ಒಬ್ಬ ಎತ್ತಿಕೊಟ್ಟನಂತೆ! ಆ ಕೀಲಿ ಎತ್ತಿಕೊಟ್ಟ ಕೈ ಯಾರದೆಂದು ನನಗೆ ಇವತ್ತಿಗೂ ಗೊತ್ತಿಲ್ಲ, ಗೊತ್ತಾದರೆ ಸುಮ್ಮನಿರುವವಳಲ್ಲ.

ಆ ಜೀಪು ಬಡಿದು ಸೈಕಲ್ ಸಮೇತ ಬಿದ್ದವಳನ್ನು ಬಾಳೆಹಣ್ಣಿನ ತಳ್ಳುಗಾಡಿಯಲ್ಲಿ ಹಾಕಿಕೊಂಡು ಜನ ಆಸ್ಪತ್ರೆಗೆ ಓಡಿದರು. ಉಸಿರಿತ್ತು. ನೀರು ಕೇಳಿದಳಂತೆ. ನಾನು ಆಗ ಆಫೀಸಿನಲ್ಲಿ ನಕ್ಷೆಗಳ ಧೂಳು ಹೊಡೆಯುತ್ತಿದ್ದೆ. ನಾಲ್ಕೂಕಾಲಿಗೆ ಫ್ಯಾನು ನಿಂತಿತು. ನಾನೂ ಎಣಿಸಿದೆ. ಎಣಿಸಲು ನನಗೆ ಇದ್ದವಳು ಒಬ್ಬಳೇ.

ಆಸ್ಪತ್ರೆಯ ಗೇಟು ಹತ್ತು ಹೆಜ್ಜೆ ಇದ್ದಾಗ ಜೀವ ಹೋಗಿತ್ತು. ಡಾಕ್ಟರು ನನ್ನ ಮುಖ ನೋಡದೆ, "ಒಂದು ನಿಮಿಷ ಮೊದಲು ತಂದಿದ್ರ ನೋಡಬಹುದಿತ್ತಮ್ಮ," ಎಂದರು. ಒಂದು ನಿಮಿಷ! ಗುರುಸಿದ್ಧ ಮರುದಿನ ದಾರ ತಂದುಕೊಟ್ಟ. ಐದಡಿ ಒಂದಿಂಚು. ಅವನೂ ಅತ್ತ.

ಮೂರನೆಯ ದಿನ ನಾನು ಪುಸ್ತಕ ನೋಡಬೇಕೆಂದು ಹೋದೆ. ಅದರಲ್ಲಿ ಐದು ಕಾಲಂ: ಕತ್ತಲೆ, ಮಳೆ, ದನ, ತಿರುವು, ಕುಡಿತ. ಕಡೆಯ ಕಾಲಂ ದಳವಾಯಿ ಸಾಹೇಬರು ಬಂದ ಹತ್ತು ವರ್ಷದಿಂದ ಖಾಲಿ. ನನ್ನ ಮಗಳ ಹೆಸರು ಕತ್ತಲೆಯ ಕಾಲಮಿನಲ್ಲಿತ್ತು.

"ನಾಲ್ಕು ಗಂಟೇಕ ಎಲ್ಲಿ ಕತ್ತಲಿ ಬಂತ್ರೀ ಸಾಹೇಬ್ರ?" ಎಂದೆ.

"ಮೋಡ ಹಾಕಿತ್ತಲ್ಲ," ಎಂದರು. ಚಹದ ಬಸಿಯನ್ನು ತುಟಿಗೆ ಹಿಡಿದೇ ಎಂದರು.

"ಅವ ಕುಡದಿದ್ದ. ಊರೆಲ್ಲಾ ನೋಡೇತಿ. ನನ್ನ ಕಡೆ ದಾರ ಐತಿ."

"ದಾರ ದಾಖಲಿ ಅಲ್ಲ ಫಕೀರವ್ವ. ದಾರ ಹಿಗ್ಗತೈತಿ. ಕಬ್ಬಿಣ ಹಿಗ್ಗಂಗಿಲ್ಲ. ಅಳತಿ ದಿನ ಬರ್ತೈತಿ, ನೀನ ಎಳಿ. ನೂರಾ ಅರವತ್ತರ ಮ್ಯಾಲ ಒಂದು ಅಡಿ ಬಂದ್ರೂ ನಾನ ನನ್ನ ಕೈಯಾರೆ ಕುಡಿತದ ಕಾಲಮಿಗೆ ಬರೀತೇನಿ." ಆಮೇಲೆ ಬಸಿ ಕೆಳಗಿಟ್ಟು ದನಿ ಇಳಿಸಿದರು. "ಇನ್ನೊಂದು ನೆನಪಿರ್ಲಿ. ಆ ಪುಸ್ತಕದಾಗ ಒಂದು ಎಮ್ಮಿನೂ ಐತಿ."

ಇನ್ನು ಎಮ್ಮೆಯ ಮಾತು. ಯಾವ ಎಮ್ಮೆಯೂ ಅಡ್ಡ ಬಂದಿರಲಿಲ್ಲ. ಮುದಕಪ್ಪ ಮೂಗಿನವರೆಗೆ ಕುಡಿದಿದ್ದ. ಕುಡಿದು ಸತ್ತ ನೌಕರನ ಹೆಂಡತಿಗೆ ಅವನ ಕೆಲಸ ಕೊಡುವ ಹಾಗಿಲ್ಲ ಎಂದು ಕಾಯಿದೆ. ನಾನು ಹತ್ತು ವರ್ಷದ ಹುಡುಗಿಯನ್ನು ಸೊಂಟಕ್ಕೆ ಒತ್ತಿಕೊಂಡು ದಳವಾಯಿ ಸಾಹೇಬರ ಕಾಲು ಹಿಡಿದೆ. ಅವರೇ ಕೇಳಿದರು, "ರಸ್ತೆದಾಗ ದನಾ ಪನಾ ಇದ್ವೇನು?" ನಾನು, "ಎಮ್ಮಿ ಇತ್ರೀ," ಎಂದೆ. ಅಷ್ಟೇ. ಆ ಬದಿಗೆ ಎಮ್ಮೆ ಇದ್ದದ್ದು ಬುಡ್ನಸಾಬನೊಬ್ಬನ ಮನೆಯಲ್ಲಿ. ಪುರಸಭೆಯವರು ಅದನ್ನು ಎಳೆದೊಯ್ದು ಬೀಡಾಡಿ ದನ ಕೂಡುವ ಕೊಂಡವಾಡಕ್ಕೆ ಹಾಕಿದರು. ಮೇವಿಲ್ಲದೆ ಹನ್ನೊಂದನೆಯ ದಿನ ಅದು ಅಲ್ಲೇ ಸತ್ತಿತು. ಹಾಲು ಮಾರಿ ಬದುಕುತ್ತಿದ್ದ ಮುದುಕ ದಿನಗೂಲಿಗೆ ಬಂದು ನನ್ನ ಸರಪಳಿಯ ಹಿಂದಿನ ಹಿಡಿಕೆ ಹಿಡಿದ. ಒಂಬತ್ತು ವರ್ಷ ನನ್ನ ಬೆನ್ನು ನೋಡುತ್ತಾ ನಡೆದ. ಒಂದು ದಿನವೂ ಎಮ್ಮೆಯ ಹೆಸರೆತ್ತಲಿಲ್ಲ.

ಮುದಕಪ್ಪನ ದಾರವನ್ನು ನಾನು ದೇವರ ಮಾಡದಲ್ಲಿ ಇಟ್ಟಿರಲಿಲ್ಲ. ಜೋಳದ ಗಡಿಗೆಯ ತಳಕ್ಕೆ ತುರುಕಿದ್ದೆ.

ಅಳತೆಗೆ ನಾಲ್ಕು ದಿನ ಇರುವಾಗ ಗುಮಾಸ್ತ ಸರಪಳಿ ನನ್ನ ಮುಂದೆ ಒಗೆದ. "ಗಂಟು ಬಿದ್ದು ಗಿಡ್ಡ ಆಗೇತಂತ. ಸಾಹೇಬ್ರು ನಾಲ್ಕು ಉಂಗುರ ಹಾಕಿಸ್ಕೊಂಡು ಬಾ ಅಂದಾರ." ಇದು ಹೊಸದಲ್ಲ. ಪ್ರತಿ ವರ್ಷ ಅಳತೆಗೆ ಮುಂಚೆ ಕಮ್ಮಾರ ಮೌನಪ್ಪನ ಕುಲುಮೆಗೆ ಹೋಗಿ ಮೂರೋ ನಾಲ್ಕೋ ಐದೋ ಉಂಗುರ ಸೇರಿಸಿಕೊಂಡು ಬರುತ್ತಿದ್ದವಳು ನಾನೇ. ಪ್ರತಿ ವರ್ಷ ಮೌನಪ್ಪ ಅದೇ ಮಾತು ಹೇಳುತ್ತಿದ್ದ, ಈ ಸಲವೂ ಹೇಳಿದ. "ಸರಪಳಿ ಗಿಡ್ಡ ಆಗೂದನ್ನ ನಾ ಎಲ್ಲೂ ಕಂಡಿಲ್ಲಬೇ ಅಕ್ಕಾ. ಕಬ್ಬಿಣ ಸವದ್ರ ಉದ್ದ ಆಗತೈತಿ."

ಪ್ರತಿ ವರ್ಷ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟಿದ್ದೆ. ಈ ಸಲ ಮಾತು ಎದೆಗೆ ಬಡಿಯಿತು. "ಮೌನಪ್ಪ, ಇದರ ಮೂಲ ಅಳತಿ ಎಲ್ಲೈತಿ?" ಎಂದೆ.

ಸರಪಳಿ ಮಾಡಿದ್ದು ಅವನ ಅಜ್ಜ. ಕುಲುಮೆಯ ಹಿತ್ತಲಲ್ಲಿ ಎರಡು ಕಲ್ಲು ನೆಟ್ಟು, ಒಂದೊಂದಕ್ಕೆ ಗೆರೆ ಕೊರೆದಿದ್ದ. ಗೆರೆಯಿಂದ ಗೆರೆಗೆ ಅರವತ್ತಾರು ಅಡಿ. ಕಸ ಸರಿಸಿ, ಒಂದು ಹಿಡಿಕೆಯನ್ನು ಈ ಗೆರೆಗೆ ಇಟ್ಟು, ಇನ್ನೊಂದನ್ನು ಎಳೆದುಕೊಂಡು ಹೋದೆವು. ಹಿಡಿಕೆ ಗೆರೆ ದಾಟಿತು. ಮೌನಪ್ಪ ಕೈ ಚಾಚಿ ಅಳೆದ. ಮೊಣಕೈಯಿಂದ ನಡುಬೆರಳ ತುದಿಯವರೆಗೆ, ಸರಿಯಾಗಿ ಒಂದು ಮೊಳ ಹೆಚ್ಚು.

ಅಲ್ಲೇ ಕುಕ್ಕರಿಸಿದೆ. ರಸ್ತೆ ಬೆಳೆದಷ್ಟೂ ಸರಪಳಿಯನ್ನು ಬೆಳೆಸಿದ್ದರು! ಉದ್ದನೆಯ ರಸ್ತೆಯನ್ನು ಉದ್ದನೆಯ ಸರಪಳಿಯಿಂದ ಅಳೆದರೆ ನೂರಾ ಅರವತ್ತಲ್ಲದೆ ಇನ್ನೇನು ಬಂದೀತು? ಬೆಳೆಸಿದ್ದು ಯಾರು? ಹೆಗಲ ಮೇಲೆ ಹೊತ್ತು ತಂದು, ಕುಲುಮೆಯ ತಿದಿ ಒತ್ತಿ, ಉಂಗುರ ಹಾಕಿಸಿದ್ದು ಯಾರು? ನನಗೆ ಗೊತ್ತಿರಲಿಲ್ಲ ಎನ್ನಲಾರೆ. ಗೊತ್ತುಮಾಡಿಕೊಳ್ಳಲಿಲ್ಲ. ಗೊತ್ತುಮಾಡಿಕೊಂಡರೆ ಎಮ್ಮೆ ಎದ್ದು ಬರುತ್ತಿತ್ತು. ದಳವಾಯಿಯನ್ನು ಬೈದೆ, ಭಟ್ಟಿಯವನನ್ನು ಬೈದೆ, ಸತ್ತ ಗಂಡನನ್ನು ಅವನ ಏಳು ತಲೆ ಸಮೇತ ಬೈದೆ. ಬೈದು ಬೈದು ಕಡೆಗೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಂಡೆ. ಮೌನಪ್ಪ ಕೈ ಹಿಡಿದ.

"ತಗದು ಹಾಕು," ಎಂದೆ. "ಎಷ್ಟು ಉಂಗುರ ಹಾಕೀಯೋ ಅಷ್ಟೂ ತಗಿ."

ಒಂದೊಂದಾಗಿ ಕಡಿದು ತೆಗೆದ. ಮೂವತ್ತಾರು ಉಂಗುರ. ಹಿಡಿಕೆ ಗೆರೆಗೆ ಬಂದು ಕೂತಿತು.

ಅವತ್ತು ಸಂಜೆಯೇ ದಾರ ಇದ್ದ ಮನೆಗಳಿಗೆಲ್ಲ ಹೋದೆ. "ಅಳತಿ ದಿನ ನಿಮ್ಮ ದಾರ ತಗೊಂಡು ಬರ್ರಿ," ಎಂದಷ್ಟೇ ಹೇಳಿದೆ. ಯಾರೂ ಯಾಕೆ ಎಂದು ಕೇಳಲಿಲ್ಲ. ಒಬ್ಬ ಮುದುಕಿ ಮಾತ್ರ, "ಈಗ ಬುದ್ಧಿ ಬಂತೇನ ನಿನಗ?" ಎಂದಳು. ಅವಳ ಮಗ ಹೋಗಿ ಏಳು ವರ್ಷವಾಗಿತ್ತು. ಆ ವರ್ಷವೂ ನೂರಾ ಅರವತ್ತು ಎಳೆದವಳು ನಾನೇ ಅಲ್ಲವೇ. ಬೈಸಿಕೊಂಡು ಬಂದೆ.

ಅಳತೆಯ ದಿನ ಹೊರಡುವ ಮುಂಚೆ ಸುವರ್ಣಾಳ ದಾರವನ್ನು ಸೆರಗಿನ ಒಂದು ತುದಿಗೆ ಗಂಟು ಹಾಕಿಕೊಂಡೆ. ಆಮೇಲೆ ಜೋಳದ ಗಡಿಗೆಗೆ ಕೈ ಹಾಕಿ ಇನ್ನೊಂದನ್ನೂ ತೆಗೆದೆ. ತೆಗೆಯಬೇಕೆಂದು ತೆಗೆದೆನೋ, ಮನೆಯಲ್ಲಿ ಬಿಡಲು ಹೆದರಿ ತೆಗೆದೆನೋ, ದೇವರೇ ಬಲ್ಲ. ಅದನ್ನು ಸೆರಗಿನ ಒಳಮಡಿಕೆಗೆ ಕಟ್ಟಿದೆ.

ಅಗಸಿಯಲ್ಲಿ ಬೋರ್ಡಿನ ಕೆಳಗೆ ದಳವಾಯಿ ಸಾಹೇಬರು ಪೇಟ ಸುತ್ತಿ ನಿಂತಿದ್ದರು. ಗುಮಾಸ್ತ ಪುಸ್ತಕ ಹಿಡಿದಿದ್ದ. ಬುಡ್ನಸಾಬ ಕಾಕಾ ಹಿಂದಿನ ಹಿಡಿಕೆ ಎತ್ತಿಕೊಂಡು, ತೂಗಿ ನೋಡಿ, ನನ್ನ ಮುಖ ನೋಡಿದ. "ಹಗೂರ ಆಗೇತಿ," ಎಂದ ಮೆಲ್ಲಗೆ.

"ಹೌದು ಕಾಕಾ. ನಡಿ."

ಎಳೆದೆವು. ಒಂದೊಂದು ಸರಪಳಿಗೆ ಒಂದೊಂದು ಗೂಟ. ಗಿರಣಿ ದಾಟಿದೆವು, ಸಾಲಿ ದಾಟಿದೆವು, ಸುವರ್ಣಾಳ ಸೈಕಲ್ ಬಿದ್ದ ಜಾಗ ದಾಟಿದೆವು. ಭಟ್ಟಿಯ ಮಾಲೀಕ ಖಾನಾವಳಿಯ ಎದುರಿಗೆ ಜೀಪು ತೊಳೆಸುತ್ತಾ ನಿಂತಿದ್ದ. ನನ್ನನ್ನು ಕಂಡು ಒಳಗೆ ಹೋದ. ಜನ ನಮ್ಮ ಹಿಂದೆ ಬಾಯಲ್ಲೇ ಎಣಿಸುತ್ತಾ ಬಂದರು. ನೂರಾ ಅರವತ್ತು ಎಂದಾಗ ನಾನು ಗೂಟ ಬಡಿದು ತಲೆಯೆತ್ತಿದೆ. ಆಸ್ಪತ್ರೆಯ ಗೇಟು ಇನ್ನೂ ದೂರವಿತ್ತು. ನೂರು ಹೆಜ್ಜೆ ದೂರ. ತಳ್ಳುಗಾಡಿ ಆ ನೂರು ಹೆಜ್ಜೆಯನ್ನು ಎಷ್ಟು ಹೊತ್ತಿನಲ್ಲಿ ಓಡುತ್ತದೆ ಎಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ.

"ನೂರಾ ಅರವತ್ತು ಇಲ್ಲಿಗೆ ಮುಗೀತ್ರೀ ಸಾಹೇಬ್ರ," ಎಂದೆ. "ಮುಂದಿಂದು ಏನಂತ ಬರೀತೀರಿ?"

ದಳವಾಯಿಯ ಮುಖ ಕೆಂಪಗಾಯಿತು. "ಸರಪಳಿ ಗಿಡ್ಡ ಮಾಡಿಸೀಯಲ್ಲೇ?"

ಮೌನಪ್ಪ ಗುಂಪಿನಿಂದ ಮುಂದೆ ಬಂದು ಮೂವತ್ತಾರು ಉಂಗುರ ನೆಲಕ್ಕೆ ಸುರಿದ. "ಗಿಡ್ಡ ಮಾಡಿಲ್ರೀ, ಇದ್ದಂಗ ಮಾಡೇನಿ. ನಮ್ಮಜ್ಜನ ಕಲ್ಲಿಗೆ ಬಂದು ಹಚ್ಚಿ ನೋಡ್ರಿ."

ಏಳು ವರ್ಷದ ಹಿಂದೆ ಮಗನನ್ನು ಕಳಕೊಂಡ ಆ ಮುದುಕಿ ಮೊದಲು ಬಂದಳು. ನೂರಾ ಅರವತ್ತನೆಯ ಗೂಟಕ್ಕೆ ದಾರದ ತುದಿ ಹಚ್ಚಿ, ರಸ್ತೆಯ ಮೇಲೆ ನೆಟ್ಟಗೆ ಹಾಸಿದಳು. "ನನ್ನ ಮಗ. ಐದಡಿ ಏಳಿಂಚು," ಎಂದಳು. ಅವಳ ದಾರ ಮುಗಿದಲ್ಲಿ ಇನ್ನೊಬ್ಬರು ಹಾಸಿದರು. "ನಮ್ಮ ಮಾವ. ಐದಡಿ ಮೂರು." "ನನ್ನ ತಮ್ಮ." "ನನ್ನ ಹೇಣ್ತಿ, ಬಸುರಿ ಇದ್ಲು." ಒಬ್ಬ ತಂದೆ ಹಾಸಿದ ದಾರ ಮೂರಡಿಯಷ್ಟೇ ಇತ್ತು. ಅವನು ಅದನ್ನು ಅಂಗೈಯಿಂದ ಸವರಿ ನೆಟ್ಟಗೆ ಮಾಡಿ ಹಿಂದೆ ಸರಿದ. ನಾನು ಸುವರ್ಣಾಳದನ್ನು ಹಾಸಿದೆ. ಗುರುಸಿದ್ಧ ಗಾಳಿಗೆ ಹಾರದಂತೆ ಒಂದೊಂದು ದಾರದ ತುದಿಗೆ ಒಂದೊಂದು ಕಲ್ಲಿಟ್ಟುಕೊಂಡು ಬಂದ. ನಲವತ್ತಾರು ದಾರ ಆದವು. ಬಿಳಿ ಗೆರೆ ರಸ್ತೆಯುದ್ದಕ್ಕೂ ಹೋಗಿ ಗೇಟಿನ ಹತ್ತಿರ ಬಂತು.

ಹತ್ತಿರ ಬಂತು, ಮುಟ್ಟಲಿಲ್ಲ. ಒಂದಾಳು ಮಲಗುವಷ್ಟು ಜಾಗ ಉಳಿಯಿತು.

ದಳವಾಯಿ ಸಾಹೇಬರಿಗೆ ಹೋದ ಜೀವ ಬಂತು. "ನೋಡ್ರಿ! ನೋಡ್ರಿ ಮತ್ತ! ಲೆಕ್ಕ ಕೂಡಲಿಲ್ಲ. ಇಷ್ಟು ಜಾಗ ಯಾರದು? ಸತ್ತವ್ರಿಲ್ಲದನ ರಸ್ತಿ ಬೆಳೀತೇನು? ಬಿಸಿಲಿಗೆ ನೆಲ ಹಿಗ್ಗೇತಿ, ಅಷ್ಟ. ಒಂದು ತಪ್ಪಾದ್ರ ಎಲ್ಲಾನೂ ತಪ್ಪು. ಎತ್ಕೋರಿ ನಿಮ್ಮ ದಾರ." ಇಷ್ಟನ್ನೂ ಜನಕ್ಕೆ ಹೇಳಿದರು, ಆದರೆ ಕಣ್ಣು ನನ್ನ ಮೇಲೇ ಇತ್ತು. ಆ ಜಾಗ ಯಾರದೆಂದು ಅವರಿಗೆ ಗೊತ್ತಿತ್ತು. ಅವರೇ ಅಲ್ಲವೇ ಬರೆದದ್ದು. ನಾನು ಬಾಯಿ ಬಿಡುವುದಿಲ್ಲ ಎಂಬ ಧೈರ್ಯದ ಮೇಲೆ ಅಷ್ಟು ದೊಡ್ಡ ದನಿ ತೆಗೆದಿದ್ದರು.

ಜನ ಒಬ್ಬರ ಮುಖ ಒಬ್ಬರು ನೋಡಿದರು. ಆ ಮುದುಕಿ ಬಗ್ಗಿ ತನ್ನ ದಾರಕ್ಕೆ ಕೈ ಹಾಕಿದಳು.

"ಮುಟ್ಟಬ್ಯಾಡಬೇ!" ಎಂದು ಕೂಗಿದೆ. ಸೆರಗಿನ ಒಳಗಂಟು ಬಿಚ್ಚಲು ಬರಲಿಲ್ಲ, ಹಲ್ಲಿನಿಂದ ಕಚ್ಚಿ ಹರಿದೆ. ದಾರ ಜೋಳದ ಧೂಳು ಹಿಡಿದು ಹಳದಿಯಾಗಿತ್ತು. ಕಡೆಯ ಕಲ್ಲಿಗೆ ತುದಿ ಸಿಗಿಸಿ, ಮಂಡಿಯೂರಿ ಹಾಸುತ್ತಾ ಹೋದೆ. "ಐದಡಿ ಆರಿಂಚು. ಮುದಕಪ್ಪ. ನನ್ನ ಗಂಡ. ಕುಡದು ಗಾಡಿ ಹೊಡಕೊಂಡು ಬಂದು ಸತ್ತ. ಯಾವ ಎಮ್ಮಿನೂ ಅಡ್ಡ ಬಂದಿದ್ದಿಲ್ಲ. ಬರಿಸಿದಾಕಿ ನಾನ."

ದಾರದ ತುದಿ ಗೇಟಿನ ಕಲ್ಲಿಗೆ ತಾಗಿತು. ಒಂದು ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ.

"ನೌಕರಿ ಹೋಗ್ತೈತಿ," ಎಂದರು ದಳವಾಯಿ. ದನಿ ಸಣ್ಣಗಾಗಿತ್ತು.

"ಹೋಗ್ಲಿ. ನನ್ನ ಮಗಳಿಗೆ ಒಂದು ನಿಮಿಷ ಬೇಕಾಗಿತ್ತು. ಅದರಾಗ ಇಷ್ಟು ಜಾಗ ಆಕಿ ಅಪ್ಪಂದ ಐತಿ, ಅದನ್ನ ಮುಚ್ಚಿಟ್ಟಾಕಿ ನಾನು. ಉಳದ ಜಾಗ ಇವರೆಲ್ಲಾರದು, ಮುಚ್ಚಿಟ್ಟಾವ್ರು ನೀವು. ಒಂದಡಿ ಬಂದ್ರೂ ನಿಮ್ಮ ಕೈಯಾರೆ ಬರೀತೇನಿ ಅಂದಿದ್ರಿ. ಬರೀರಿ."

ಬರೆಯಲಿಲ್ಲ. ಪೇಟ ಸರಿಮಾಡಿಕೊಂಡರು. ನಾನು ಗುಮಾಸ್ತನ ಕೈಯಿಂದ ಪುಸ್ತಕ ಕಿತ್ತುಕೊಂಡೆ, ಅವನೂ ಬಿಟ್ಟುಕೊಟ್ಟ. ಏಳನೆಯ ಇಯತ್ತೆ ಓದಿದವಳು, ಬರೆಯಲು ಬರುತ್ತದೆ. ಬುಡ್ನಸಾಬ ಕಾಕಾ ಸರಪಳಿ ಕೆಳಗಿಟ್ಟು ಬಂದು, ನನ್ನ ಎದುರಿಗೆ ಕೂತು, ಎರಡೂ ಅಂಗೈ ಚಾಚಿ ಪುಸ್ತಕಕ್ಕೆ ಆಸರೆಯಾದ. ಜನ ಒಬ್ಬೊಬ್ಬರಾಗಿ ಹೆಸರು ಹೇಳಿದರು. ಕುಡಿತದ ಕಾಲಂ ನಲವತ್ತೇಳು ಹೆಸರಿಗೆ ಸಾಲಲಿಲ್ಲ. ತಿರುವಿನ ಕಾಲಮಿಗೆ, ಅಲ್ಲಿಂದ ದನದ ಕಾಲಮಿಗೆ ಹಾಯಿಸಿ ಬರೆದೆ. ಕಡೆಗೆ ಹಾಳೆ ಹಿಂದೆ ಮಗುಚಿ, ಒಂಬತ್ತು ವರ್ಷದ ಹಿಂದಿನ ಸಾಲು ಹುಡುಕಿ, ಎಮ್ಮೆಯನ್ನು ಹೊಡೆದು ಹಾಕಿದೆ. ಹಾಳೆ ಹರಿಯುವಷ್ಟು ಒತ್ತಿ ಹೊಡೆದೆ.

ಬುಡ್ನಸಾಬ ಆ ಗೆರೆಯನ್ನೇ ನೋಡುತ್ತಿದ್ದ.

"ಆ ದಿನ ಎಮ್ಮಿ ನಮ್ಮ ಮನ್ಯಾಗ, ಗ್ವಾದಲ್ಯಾಗ ಕಟ್ಟೇ ಇತ್ತು ತಂಗಿ," ಎಂದ. "ನಾನ ಕಟ್ಟಿದ್ದೆ."

"ಗೊತ್ತಿತ್ತಲ್ಲ ನಿನಗ. ಒಂಬತ್ತು ವರ್ಷ ಯಾಕ ಸುಮ್ಮನಿದ್ದಿ ಕಾಕಾ?"

"ಸಾಹೇಬ್ರಿಗೆ ಹೇಳಿದ್ನಲ್ಲವ್ವಾ, ಮೊದಲನೇ ದಿನಾನ. ಕಟ್ಟಿದ್ದು ಪುಸ್ತಕದಾಗಿಲ್ಲ ಅಂದ್ರು."